ಹೇಂಟೆ ಹುಂಜನ ಥರ ಕೂಗ್ತಿದೆ, ಕೊಯ್ಯಲೇಬೇಕಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಾವು ಕೊಪ್ಪ ಕಡೆಯವ್ರು. ಅಡಿಕೆ ತೋಟ, ಸ್ವಲ್ಪ ಕಾಫಿ, ಮನೆಗಾಗೋಷ್ಟು ನಾಟಿ ಕೋಳಿ ಇದಾವೆ. ಅದ್ರಲ್ಲಿ ಕೆಂಪಿ ಅಂತ ಒಂದು ಹೇಂಟೆ, ಐದು ವರ್ಷ ಆಯ್ತು. ಮರಿ ಇದ್ದಾಗ ಮುಂಗುಸಿ ಬಾಯಿಂದ ಬಿಡಿಸ್ಕೊಂಡು ಅರಿಶಿನ ಹಚ್ಚಿ ಸಾಕಿದ್ದು ನನ್ ಮಗಳೇ, ಈಗ್ಲೂ ಅವಳು ಸ್ಕೂಲಿಂದ ಬರೋ ಹೊತ್ತಿಗೆ ಗೇಟ್ ಹತ್ರ ಹೋಗಿ ನಿಂತಿರುತ್ತೆ. ನಾಲ್ಕು ಸಲ ಮರಿ ಮಾಡಿದೆ. ಈ ಮಳೆಗಾಲದಲ್ಲಿ ಮೊಟ್ಟೆ ನಿಲ್ಲಿಸ್ತು, ಆಮೇಲೆ ಪುಕ್ಕ ಎಲ್ಲ ಉದುರಿಸ್ಕೊಳ್ತು, ಹೊಸದಾಗಿ ಬಂದಿದ್ದು ಹುಂಜನ ಪುಕ್ಕದ ಥರ ಉದ್ದ, ಹೊಳಪು, ಬಾಲ ಕುಡುಗೋಲಿನ ಹಾಗೆ ಬಾಗಿದೆ. ಜುಟ್ಟು ದೊಡ್ಡದಾಗಿದೆ. ಒಂದು ತಿಂಗಳಿಂದ ಬೆಳಗಿನ ಜಾವ ಕೂಗ್ತಿದೆ, ಬೇರೆ ಹೇಂಟೆಗಳನ್ನ ಮೆಟ್ಟೋಕೆ ಹೋಗುತ್ತೆ. ನಮ್ಮ ಹುಂಜನ್ನ ನೆಂಟ್ರು ಬಂದಾಗ ಕೊಯ್ದಿದ್ವಿ, ಹಾಗಾಗಿ ಈಗ ಮನೇಲಿ ಹುಂಜ ಇಲ್ಲ. ಇದು ಕೂಗೋಕೆ ಶುರು ಮಾಡಿದ ವಾರಕ್ಕೇ ಮಾವ ಬಚ್ಚಲ ಹತ್ರ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಅತ್ತೆ, ಹೇಂಟೆ ಕೂಗೋ ಮನೆ ಉದ್ಧಾರ ಆಗಲ್ಲ, ಚೌಡಿ ದೇವ್ರಿಗೆ ಕೊಟ್ಬಿಡಿ ಅಂತಿದಾರೆ. ನಮ್ಮವ್ರು, ಏನೋ ಕಾಯಿಲೆ ಇರಬೇಕು ಬೇರೆ ಕೋಳಿಗೂ ಅಂಟುತ್ತೆ ಅಂತಾರೆ. ವಾಟ್ಸಾಪಲ್ಲಿ ಯಾರೋ ಕ್ಯಾಲ್ಸಿಯಂ ಕಮ್ಮಿ ಅಂದ್ರು. ಮಗಳು ಊಟ ಬಿಟ್ಟು ಕೂತಿದಾಳೆ. ಇದು ಕಾಯಿಲೆನಾ? ವಾಪಸ್ ಹೇಂಟೆ ಆಗುತ್ತಾ? ಉಳಿದ ಕೋಳಿ ಮೊಟ್ಟೆ ತಿನ್ನಬಹುದಾ? ಏನ್ ಮಾಡ್ಲಿ?

ಉತ್ತರ:

ನೋಡಿ ಅಮ್ಮ, ಮೊದಲು ಮಗಳಿಗೆ ಊಟ ಮಾಡೋಕೆ ಹೇಳಿ, ಕೆಂಪಿ ವಿಷಯದಲ್ಲಿ ಇವತ್ತು ನಾಳೆ ಅಂತ ಅರ್ಜೆಂಟ್ ಏನೂ ಇಲ್ಲ. ನೀವು ಬರೆದಿರೋದ್ರಲ್ಲಿ ಅದು ಮೇವು ಬಿಟ್ಟಿದೆ ಅಂತಿಲ್ಲ, ಜೋತು ಬಿದ್ದಿದೆ ಅಂತಿಲ್ಲ, ಗೇಟ್ ತನಕ ನಡ್ಕೊಂಡು ಹೋಗ್ತಿದೆ. ಅಷ್ಟಿದ್ರೆ ನಮಗೆ ಯೋಚನೆ ಮಾಡೋಕೆ ಟೈಮ್ ಇದೆ.

ಇಪ್ಪತ್ತಾರು ವರ್ಷ ಮಲೆನಾಡಲ್ಲೇ ಪಶು ವೈದ್ಯನಾಗಿ ಕೆಲಸ ಮಾಡಿ ರಿಟೈರ್ ಆದವ್ನು ನಾನು, ಹಸು ಎಮ್ಮೆ ನೋಡೋಕೆ ಅಂತ ಹೋದ ಮನೇಲಿ ವಾಪಸ್ ಹೊರಡೋ ಹೊತ್ತಿಗೆ ಯಾರೋ ಒಬ್ರು ಮೆಲ್ಲಗೆ ಹತ್ರ ಬಂದು "ಡಾಕ್ಟ್ರೇ ನಮ್ಮ ಹೇಂಟೆ ಕೂಗುತ್ತೆ" ಅಂತ ಪಿಸುಗುಟ್ಟೋದು ಏಳೆಂಟು ಸಲ ಆದ್ರೂ ಆಗಿದೆ. ಜೋರಾಗಿ ಹೇಳಲ್ಲ, ಮನೇಲಿ ಏನೋ ಆಗಬಾರದ್ದು ಆಗಿದೆ ಅನ್ನೋ ಹಾಗೆ ಹೇಳ್ತಾರೆ. ಹಾಗಾಗಿ ನಿಮ್ಮ ಅತ್ತೆ ಮಾತು ನಂಗೆ ಹೊಸದಲ್ಲ, ಅವರನ್ನ ಬಯ್ಯೋಕೂ ಹೋಗಲ್ಲ. ಈ ಭಯ ನಮ್ಮೂರಿಂದು ಮಾತ್ರ ಅಲ್ಲ, 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಅನ್ನೋ ಊರಲ್ಲಿ ಒಂದು ಹುಂಜ ಮೊಟ್ಟೆ ಇಟ್ತು ಅಂತ ಅದನ್ನ ಕೋರ್ಟಿಗೆ ಹಾಕಿ ವಿಚಾರಣೆ ಮಾಡಿ ಜನರ ಎದುರಿಗೆ ಸುಟ್ಟು ಹಾಕಿದ್ರು. ಪಾಪ ಅದೂ ಬಹುಶಃ ನಿಮ್ಮ ಕೆಂಪಿ ಥರದ್ದೇ ಒಂದು ಹೇಂಟೆ ಇರಬೇಕು, ಹುಂಜನ ಪುಕ್ಕ ಬಂದಿದ್ದು, ಒಳಗೆ ಉಳಿದಿದ್ದ ಒಂದು ಮೊಟ್ಟೆ ಹೊರಗೆ ಬಿತ್ತು ಅಷ್ಟೇ.

ಮಾವ ಬಿದ್ದಿದ್ದಕ್ಕೂ ಕೆಂಪಿಗೂ ಏನು ಸಂಬಂಧ ಅಂದ್ರೆ, ಬಚ್ಚಲ ಹತ್ರ ಪಾಚಿ ಕಟ್ಟಿದ್ರೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿಯಾಗಿ ಉಜ್ಜಿಸಿ, ಕೋಳಿ ಕೊಯ್ದ್ರೆ ಪಾಚಿ ಹೋಗಲ್ಲ. ಇದನ್ನ ಅತ್ತೆ ಮುಂದೆ ಇದೇ ಮಾತಲ್ಲಿ ಹೇಳ್ಬೇಡಿ ಮತ್ತೆ.

ಈಗ ಒಳಗೆ ಏನಾಗಿದೆ ನೋಡೋಣ. ಕೋಳಿಗೆ ನಮ್ಮ ಹಾಗೆ ಎರಡು ಅಂಡಾಶಯ ಕೆಲಸ ಮಾಡಲ್ಲ, ಎಡಗಡೆದು ಒಂದೇ. ಮೊಟ್ಟೆ ಒಳಗೆ ಮರಿ ಬೆಳೆಯೋವಾಗ ಎರಡೂ ಶುರು ಆಗುತ್ತೆ, ಆಮೇಲೆ ಎಡಗಡೆದು ಬೆಳೆದು ಬಲಗಡೆದು ಒಂದು ಸಣ್ಣ ಚೂರಾಗಿ ಹಾಗೇ ಉಳ್ಕೊಂಡುಬಿಡುತ್ತೆ. ಎಡಗಡೆ ಅಂಡಾಶಯದಿಂದ ಈಸ್ಟ್ರೋಜನ್ ಅಂತ ಹಾರ್ಮೋನ್ ಬರ್ತಾ ಇರೋ ತನಕ ಆ ಬಲಗಡೆ ಚೂರು ತಲೆ ಎತ್ತಲ್ಲ. ಎಡಗಡೆದು ಯಾವುದೋ ಕಾರಣಕ್ಕೆ ಕೆಟ್ಟು ಹೋದ್ರೆ ತಡೆಯೋರು ಯಾರೂ ಇಲ್ಲ, ಬಲಗಡೆ ಚೂರು ಬೆಳೆಯೋಕೆ ಶುರು ಮಾಡುತ್ತೆ, ಆದ್ರೆ ಅದು ಅಂಡಾಶಯ ಆಗಿ ಬೆಳೆಯಲ್ಲ, ಹುಂಜನ ಬೀಜದ, ಅಂದ್ರೆ ವೃಷಣದ ಥರ ಬೆಳೆಯುತ್ತೆ, ಗಂಡು ಹಾರ್ಮೋನ್ ಬಿಡುತ್ತೆ. ಅಲ್ಲಿಂದ ಜುಟ್ಟು, ಕೂಗು, ಮೆಟ್ಟೋಕೆ ಹೋಗೋದು, ಎಲ್ಲ ಬರುತ್ತೆ.

ಪುಕ್ಕದ ಕಥೆ ಸ್ವಲ್ಪ ಬೇರೆ, ನಂಗೆ ಇದು ತುಂಬಾ ಇಷ್ಟದ ವಿಷಯ ಹಾಗಾಗಿ ಹೇಳ್ತೀನಿ. ಕೋಳಿ ಜಾತಿಯಲ್ಲಿ ಆ ಬಣ್ಣಬಣ್ಣದ ಉದ್ದ ಪುಕ್ಕ ಬರೋಕೆ ಗಂಡು ಹಾರ್ಮೋನ್ ಬೇಕೇ ಇಲ್ಲ. ಅದು ಯಾವ ಹಾರ್ಮೋನೂ ಇಲ್ಲದೆ ಇದ್ರೂ ತಾನಾಗೇ ಬರೋ ಪುಕ್ಕ, ಹೇಂಟೆಗೆ ಈಸ್ಟ್ರೋಜನ್ ಇರೋದ್ರಿಂದ ಅದು ಬರದೆ ಗುಂಡು ತುದಿಯ ಮಾಸಲು ಪುಕ್ಕ ಬರುತ್ತೆ. ಅದಕ್ಕೇ ಬೀಜ ತೆಗೆದ ಹುಂಜನ್ನ ನೋಡಿ, ಜುಟ್ಟು ಸಣ್ಣದಾಗಿ ಬಿಳಚಿಕೊಳ್ಳುತ್ತೆ, ಕೂಗು ನಿಲ್ಲುತ್ತೆ, ಪುಕ್ಕದ ಚಂದ ಮಾತ್ರ ಹಾಗೇ ಇರುತ್ತೆ. ಅಂದ್ರೆ ಕೆಂಪಿ ಮೈಮೇಲೆ ಎರಡು ಸುದ್ದಿ ಬರೆದಿದೆ. ಪುಕ್ಕ ಬದಲಾಗಿದೆ ಅಂದ್ರೆ ಈಸ್ಟ್ರೋಜನ್ ನಿಂತಿದೆ. ಜುಟ್ಟು ದೊಡ್ಡದಾಗಿ ಕೂಗ್ತಿದೆ ಅಂದ್ರೆ ಗಂಡು ಹಾರ್ಮೋನ್ ಬರ್ತಿದೆ. ಪುಕ್ಕ ಉದುರಿ ಹೊಸದು ಬಂದ ಮೇಲೇ ನಿಮಗೆ ಗೊತ್ತಾಗಿದ್ದೂ ಅದಕ್ಕೇ, ಹಳೇ ಪುಕ್ಕ ಬಣ್ಣ ಬದಲಾಯಿಸಲ್ಲ, ಹೊಸದು ಮೊಳೆಯೋ ಹೊತ್ತಲ್ಲಿ ರಕ್ತದಲ್ಲಿ ಯಾವ ಹಾರ್ಮೋನ್ ಇದೆಯೋ ಆ ಪ್ರಕಾರ ಬರುತ್ತೆ. ಅಂದ್ರೆ ಅಂಡಾಶಯ ಕೆಟ್ಟಿದ್ದು ಮಳೆಗಾಲದಲ್ಲೇ, ಮೊಟ್ಟೆ ನಿಂತಾಗ.

ಇಲ್ಲಿ ಒಂದು ಮಾತು ಬೇರೆಯವ್ರಿಗೂ ಉಪಯೋಗ ಆಗಬಹುದು. ಬರೀ ಕೂಗಿದ ಮಾತ್ರಕ್ಕೆ ಎಲ್ಲ ಹೇಂಟೆಗೂ ಹೀಗೆ ಆಗಿದೆ ಅಂತಲ್ಲ. ಹುಂಜ ಇಲ್ಲದ ಗುಂಪಲ್ಲಿ ಯಜಮಾನಿಕೆ ಮಾಡೋ ಹೇಂಟೆ ಒಂದು ಕೂಗೋದುಂಟು, ಒಡಕು ದನಿಯಲ್ಲಿ ಅರ್ಧ ಕೂಗಿ ನಿಲ್ಲಿಸುತ್ತೆ, ಮೊಟ್ಟೆನೂ ಇಡ್ತಾ ಇರುತ್ತೆ, ಪುಕ್ಕ ಹೇಂಟೆದೇ ಇರುತ್ತೆ. ಒಂದು ಒಳ್ಳೆ ಹುಂಜ ತಂದು ಬಿಟ್ರೆ ಸುಮಾರು ಸಲ ತೆಪ್ಪಗಾಗುತ್ತೆ. ನಿಮ್ಮ ಹುಂಜ ಹೋಗಿದ್ದೂ ಇದೇ ಟೈಮಲ್ಲಾಗಿದ್ರಿಂದ ಅದೂ ಸ್ವಲ್ಪ ಸೇರಿರಬಹುದು, ಆದ್ರೆ ಕೆಂಪಿ ಪುಕ್ಕ ನೋಡಿದ್ರೆ ಬರೀ ಯಜಮಾನಿಕೆ ಅನ್ನೋಕಾಗಲ್ಲ.

ಹಾಗಾದ್ರೆ ಅಂಡಾಶಯ ಯಾಕೆ ಕೆಡ್ತು? ಫೋಟೋ ನೋಡಿ ಹೇಳೋ ವಿಷಯ ಅಲ್ಲ ಇದು, ನಾನು ನೋಡಿದ್ರಲ್ಲಿ ಮೂರು ದಾರಿ ಇದೆ. ಒಂದು ವಯಸ್ಸು, ಅಂಡಾಶಯ ಸೊರಗಿ ಹೋಗೋದು, ಇಲ್ಲ ನೀರುಗುಳ್ಳೆ ಬರೋದು. ಇದ್ರಲ್ಲಿ ಕೋಳಿಗೆ ನೋವು ಇರಲ್ಲ, ವರ್ಷಗಟ್ಲೆ ಆರಾಮಾಗಿ ಬದುಕುತ್ತೆ. ಎರಡು ಸೋಂಕು, ಸಾಲ್ಮೊನೆಲ್ಲಾ ಥರದ್ದು ಅಂಡಾಶಯದಲ್ಲೇ ಮನೆ ಮಾಡ್ಕೊಂಡಿರುತ್ತೆ, ಮೊಟ್ಟೆ ಮೂಲಕ ಮರಿಗೂ ಹೋಗುತ್ತೆ. ಮೂರನೇದು ಗಡ್ಡೆ. ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ, ಎರಡು ವರ್ಷ ದಾಟಿದ ಹೇಂಟೆಗಳಲ್ಲಿ ಅಂಡಾಶಯದ ಕ್ಯಾನ್ಸರ್ ಅಪರೂಪ ಏನಲ್ಲ, ಹೆಂಗಸರಿಗೆ ಬರೋ ಅಂಡಾಶಯದ ಕ್ಯಾನ್ಸರ್ ಬಗ್ಗೆ ತಿಳ್ಕೊಳ್ಳೋಕೆ ವಿಜ್ಞಾನಿಗಳು ಕೋಳಿನೇ ಇಟ್ಕೊಂಡು ಅಭ್ಯಾಸ ಮಾಡ್ತಾರೆ. ಒಂದೊಂದು ಮೊಟ್ಟೆ ಹೊರಬರೋವಾಗ್ಲೂ ಅಂಡಾಶಯದ ಮೇಲೆ ಸಣ್ಣ ಗಾಯ ಆಗಿ ಮಾಯುತ್ತೆ, ಜಾಸ್ತಿ ಮೊಟ್ಟೆ ಅಂದ್ರೆ ಜಾಸ್ತಿ ಗಾಯ. ವರ್ಷಕ್ಕೆ 300 ದಾಟೋ ಫಾರಂ ಕೋಳಿಗೆ ಹೋಲಿಸಿದ್ರೆ ಅರವತ್ತೋ ಎಪ್ಪತ್ತೋ ಇಡೋ ನಾಟಿ ಹೇಂಟೆಗೆ ಈ ತೊಂದ್ರೆ ಕಮ್ಮಿ ಇರಬೇಕು, ಆದ್ರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ.

ನಂಗೆ ಮೊದಲ ಸಲ ಇಂಥ ಕೋಳಿ ಸಿಕ್ಕಿದ್ದು ಸರ್ವಿಸಿಗೆ ಸೇರಿದ ಹೊಸದ್ರಲ್ಲಿ, ಒಬ್ಬ ಅಜ್ಜಿ ತಂದಿದ್ರು. ನಂಗೂ ಬಿಸಿರಕ್ತ, ಏನಾದ್ರೂ ಕೊಡ್ಲೇಬೇಕು ಅಂತ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಪುಡಿ ಬರೆದು ಕುಡಿಯೋ ನೀರಿಗೆ ಹಾಕಿ ಅಂದೆ, ಐದು ದಿನ. ಕೋಳಿ ಇನ್ನೂ ಜೋರಾಗಿ ಕೂಗ್ತು. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ಎಲ್ಲ ಕೋಳಿನೂ ಅದೇ ನೀರು ಕುಡಿದಿದ್ವು, ಅಜ್ಜಿ ಅವುಗಳ ಮೊಟ್ಟೆನ ಮೊಮ್ಮಕ್ಕಳಿಗೆ ಬೇಯಿಸಿ ಕೊಡ್ತಾನೇ ಇದ್ರು, ಔಷಧಿ ಕೊಟ್ಟ ದಿನಗಳಲ್ಲಿ ಮೊಟ್ಟೆ ತಿನ್ನಬಾರದು ಅಂತ ಹೇಳೋದನ್ನ ನಾನು ಮರೆತಿದ್ದೆ. ಎಂಟು ತಿಂಗಳಾದ ಮೇಲೆ ಆ ಕೋಳಿ ಸತ್ತಾಗ ಅಜ್ಜಿನೇ ಬಟ್ಟೆ ಚೀಲದಲ್ಲಿ ಹಾಕ್ಕೊಂಡು ತಂದು "ಏನಿತ್ತು ನೋಡಿ ಹೇಳಪ್ಪಾ" ಅಂದ್ರು, ಹೊಟ್ಟೆ ಬಿಚ್ಚಿದ್ರೆ ಹೂಕೋಸಿನ ಥರ ಗಡ್ಡೆ, ಕರುಳಿನ ಮೇಲೆಲ್ಲ ಅಕ್ಕಿ ಕಾಳು ಚೆಲ್ಲಿದ ಹಾಗೆ ಹಬ್ಬಿತ್ತು. ಅದಾದ ಮೇಲೆ ಕೂಗೋ ಹೇಂಟೆ ಬಂದ್ರೆ ನಾನು ಅದರ ಕೂಗು ಕೇಳೋದು ಬಿಟ್ಟೆ, ಹೊಟ್ಟೆ ಮುಟ್ಟಿ ನೋಡೋಕೆ ಶುರು ಮಾಡಿದೆ.

ನೀವೂ ಅದನ್ನೇ ಮಾಡಿ. ಸಂಜೆ ಕತ್ತಲಾದ ಮೇಲೆ, ಕೋಳಿ ಒಡ್ಡಿಗೆ ಸೇರಿ ತಣ್ಣಗೆ ಕೂತಿರೋವಾಗ ಎತ್ಕೊಳ್ಳಿ, ಹಗಲು ಅಟ್ಟಿಸ್ಕೊಂಡು ಹಿಡಿಯೋದು ಬೇಡ. ಎದೆ ಮೂಳೆ ಮೇಲೆ ಬೆರಳಾಡಿಸಿ, ಎರಡೂ ಕಡೆ ಮಾಂಸ ತುಂಬಿದ್ರೆ ಸರಿ, ಮೂಳೆ ಕತ್ತಿ ಅಲಗಿನ ಹಾಗೆ ಕೈಗೆ ಸಿಕ್ರೆ ಸರಿ ಇಲ್ಲ. ಆಮೇಲೆ ಕಾಲುಗಳ ನಡುವೆ, ಹಿಂದಿನ ಭಾಗದ ಹೊಟ್ಟೆ ಮೆತ್ತಗೆ ಮುಟ್ಟಿ, ಕಲಸಿಟ್ಟ ಹಿಟ್ಟಿನ ಥರ ಇದ್ರೆ ಚಿಂತೆ ಇಲ್ಲ, ನೀರು ತುಂಬಿದ ಬಲೂನ್ ಥರ ಬಿಗಿದಿದ್ರೆ ಒಳಗೆ ನೀರು ಸೇರಿದೆ, ಗಟ್ಟಿ ಉಂಡೆ ಸಿಕ್ರೆ ಗಡ್ಡೆನೋ ಒಳಗೇ ಕಟ್ಟಿಕೊಂಡ ಮೊಟ್ಟೆನೋ ಇರಬಹುದು. ಒತ್ತಬೇಡಿ, ಮುಟ್ಟಿದ್ರೆ ಸಾಕು. ಬಾಲದ ಕೆಳಗೆ ಎರಡು ಸಣ್ಣ ಮೂಳೆ ತುದಿ ಸಿಗುತ್ತೆ, ಮೊಟ್ಟೆ ಇಡೋ ಹೇಂಟೆಗೆ ಅದರ ಮಧ್ಯ ಎರಡು ಮೂರು ಬೆರಳು ಹಿಡಿಯುತ್ತೆ, ಕೆಂಪಿಗೆ ಒಂದು ಬೆರಳೂ ಹಿಡಿಯದೆ ಇರಬಹುದು, ಅದನ್ನ ನೋಡಿ ಗಾಬರಿ ಬೀಳ್ಬೇಡಿ, ಮೊಟ್ಟೆ ನಿಂತಿದೆ ಅಂತ ಅದರ ಅರ್ಥ ಅಷ್ಟೇ. ಕೊನೆಗೆ ಒಂದು ಕೈಚೀಲದಲ್ಲಿ ಕೂರಿಸಿ ತೂಗಿ, ಏಲಕ್ಕಿ ಕಾಳುಮೆಣಸು ತೂಗೋ ಕೊಕ್ಕೆ ತಕ್ಕಡಿ ಮನೇಲಿದ್ರೆ ಸಾಕು. ವಾರಕ್ಕೊಂದು ಸಲ, ಒಂದೇ ಹೊತ್ತಲ್ಲಿ. ಮಗಳ ಕೈಲಿ ಕ್ಯಾಲೆಂಡರ್ ಮೇಲೆ ಬರೆಸಿ. ಒಂದೂವರೆ ಕೆಜಿ ಕೋಳಿ ಎರಡು ಮೂರು ವಾರದಲ್ಲಿ ನೂರೈವತ್ತು ಗ್ರಾಂ ಇಳಿದ್ರೆ ಅದು ಕೂಗಿಗಿಂತ ದೊಡ್ಡ ಸುದ್ದಿ. ಇನ್ನೊಂದು ಮೋಸ ಇದೆ, ಹೊಟ್ಟೆಯಲ್ಲಿ ನೀರು ತುಂಬ್ತಾ ಇದ್ರೆ ತೂಕ ಇಳಿಯದೆ ಏರಲೂಬಹುದು, ಹಾಗಾಗಿ ತೂಕ, ಎದೆ ಮೂಳೆ, ಹೊಟ್ಟೆ ಮೂರನ್ನೂ ಒಟ್ಟಿಗೆ ನೋಡ್ಬೇಕು.

ಯಜಮಾನ್ರು ಕೇಳಿದ್ದು, ಅಂಟುತ್ತಾ ಅಂತ. ಗಂಡಾಗೋದು ಅಂಟಲ್ಲ. ವಯಸ್ಸಿಂದ ಆಗಿದ್ರೂ ಅಂಟಲ್ಲ, ಅಂಡಾಶಯದ ಕ್ಯಾನ್ಸರೂ ಅಂಟಲ್ಲ. ಸೋಂಕಿಂದ ಆಗಿದ್ರೆ ಮಾತ್ರ ಗುಂಪಿಗೆ ತೊಂದ್ರೆ, ಆಗ ಕೆಂಪಿ ಒಂದೇ ಅಲ್ಲ, ಮರಿಗಳು ಬಿಳಿ ಹಿಕ್ಕೆ ಹಾಕಿ ಸಾಯೋದು, ಬೇರೆ ಹೇಂಟೆಗಳು ಮೊಟ್ಟೆ ಕಮ್ಮಿ ಮಾಡೋದು ಕಾಣುತ್ತೆ. ಮಾರೆಕ್ಸ್, ಲ್ಯುಕೋಸಿಸ್ ಅಂತ ವೈರಸ್ ಗಡ್ಡೆಗಳೂ ಇದಾವೆ, ಅವು ಕೋಳಿಯಿಂದ ಕೋಳಿಗೆ ಹೋಗುತ್ತೆ, ಮನುಷ್ಯರಿಗೆ ಬರಲ್ಲ, ಸಾಮಾನ್ಯವಾಗಿ ಚಿಕ್ಕ ವಯಸ್ಸಲ್ಲೇ ಹೊಡೆಯುತ್ತೆ, ಐದು ವರ್ಷದ ಕೆಂಪಿಗೆ ಅದೇ ಅಂತ ನಾನು ಮೊದಲು ಯೋಚನೆ ಮಾಡಲ್ಲ. ಉಳಿದವು ಚೆನ್ನಾಗಿದ್ರೆ ಅವುಗಳ ಮೊಟ್ಟೆ ಆರಾಮಾಗಿ ಬೇಯಿಸಿ ತಿನ್ನಿ. ಕೆಂಪಿ ಮೆಟ್ಟಿದ ಹೇಂಟೆ ಮೊಟ್ಟೆಗೂ ಏನೂ ಆಗಲ್ಲ, ಅದನ್ನ ಕಾವಿಗಿಟ್ರೆ ಮರಿ ಆಗಲ್ಲ ಅಷ್ಟೇ. ಆಗಲೇ ಇಲ್ಲ ಅಂತಲೂ ಅಲ್ಲ, 1923ರಲ್ಲಿ ಎಡಿನ್‌ಬರೋದ ಕ್ರೂ ಅನ್ನೋ ವಿಜ್ಞಾನಿ, ಮೊದಲು ಮೊಟ್ಟೆ ಇಟ್ಟು ಮರಿ ಮಾಡಿದ್ದ ಒಂದು ಆರ್ಪಿಂಗ್ಟನ್ ತಳಿಯ ಹೇಂಟೆ ಆಮೇಲೆ ಹುಂಜ ಆಗಿ ಎರಡು ಮರಿಗೆ ಅಪ್ಪನೂ ಆಯ್ತು ಅಂತ ಬರೆದಿದ್ರು. ಲಕ್ಷಕ್ಕೊಂದು ಅಂದ್ಕೊಳ್ಳಿ, ನೀವು ಅದನ್ನ ನಂಬ್ಕೊಂಡು ಮೊಟ್ಟೆ ಕಾವಿಗಿಟ್ಟು ಹಾಳು ಮಾಡ್ಬೇಡಿ.

ಕ್ಯಾಲ್ಸಿಯಂ ಅಂದವ್ರಿಗೆ ಒಂದು ಮಾತು. ಒಂದು ಮೊಟ್ಟೆ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು ನಿಜ, ಕಮ್ಮಿ ಆದ್ರೆ ತೊಗಲು ಮೊಟ್ಟೆ ಬರುತ್ತೆ, ಮೊಟ್ಟೆ ಸಿಕ್ಕಿಹಾಕ್ಕೊಳ್ಳುತ್ತೆ, ಕಾಲು ಬಲ ಹೋಗುತ್ತೆ. ಹೇಂಟೆ ಹುಂಜ ಆಗಲ್ಲ. ಈಗ ಕೆಂಪಿಗೆ ಕ್ಯಾಲ್ಸಿಯಂ ಟಾನಿಕ್ ಹಾಕೋದು ಉಲ್ಟಾ ತಪ್ಪು, ಮೊಟ್ಟೆ ಇಡದ ಕೋಳಿಗೆ ಅದು ಖರ್ಚಾಗೋ ಜಾಗ ಇಲ್ಲ, ಮೂತ್ರಪಿಂಡಕ್ಕೆ ಹೊರೆ ಆಗುತ್ತೆ. ಅಂಗಡಿ ಲೇಯರ್ ಮೇವಲ್ಲಿ, ಅಂದ್ರೆ ಮೊಟ್ಟೆ ಕೋಳಿ ಮೇವಲ್ಲಿ, ನೂರಕ್ಕೆ ಮೂರೂವರೆ ನಾಲ್ಕು ಭಾಗ ಕ್ಯಾಲ್ಸಿಯಂ ಇರುತ್ತೆ, ಇದಕ್ಕೆ ಒಂದು ಭಾಗ ಧಾರಾಳ ಸಾಕು. ನುಚ್ಚು, ತೌಡು, ತೋಟದ ಹುಳ, ಸೊಪ್ಪು ತಿಂದ್ಕೊಂಡಿರ್ಲಿ, ಮೊಟ್ಟೆ ಇಡೋ ಹೇಂಟೆಗಳಿಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದವು ತಾವೇ ತಿಂತಾವೆ. ಹಾರ್ಮೋನ್ ಮಾತ್ರೆ ಕೊಟ್ರೆ ವಾಪಸ್ ಹೇಂಟೆ ಆಗುತ್ತೆ ಅಂತ ಹೇಳೋರೂ ಸಿಗ್ತಾರೆ, ಮನುಷ್ಯರ ಮಾತ್ರೆ ಕೋಳಿ ಬಾಯಿಗೆ ಹಾಕ್ಬೇಡಿ, ನೋವಿನ ಮಾತ್ರೆನೂ ಬೇಡ, ಡೈಕ್ಲೋಫೆನಾಕ್ ಅಂತೂ ಹಕ್ಕಿಗಳ ಕಿಡ್ನಿ ತೆಗೆಯುತ್ತೆ, ರಣಹದ್ದುಗಳು ಹೋಗಿದ್ದೇ ಅದ್ರಿಂದ.

ವಾಪಸ್ ಹೇಂಟೆ ಆಗುತ್ತಾ ಅಂದ್ರೆ, ತಾತ್ಕಾಲಿಕ ತೊಂದ್ರೆ ಆಗಿದ್ದು ಅಂಡಾಶಯ ಚೇತರಿಸ್ಕೊಂಡ್ರೆ ಮುಂದಿನ ಸಲ ಪುಕ್ಕ ಬದಲಾಯಿಸೋವಾಗ ಹೇಂಟೆ ಪುಕ್ಕ ಬಂದಿರೋದುಂಟು, ಆದ್ರೆ ಐದು ವರ್ಷದ ಕೋಳಿಯಲ್ಲಿ ನಾನು ಆ ಆಸೆ ಇಟ್ಕೊಳ್ಳಲ್ಲ. ಹುಟ್ಟಿಂದ ಬಂದ ಹೆಣ್ಣು ಕ್ರೋಮೋಸೋಮ್ ಮಾತ್ರ ಹಾಗೇ ಇರುತ್ತೆ, ರಕ್ತ ಟೆಸ್ಟ್ ಮಾಡಿಸಿದ್ರೆ ಕೆಂಪಿ ಇವತ್ತಿಗೂ ಹೇಂಟೆನೇ.

ಈಗ ಏನು ಮಾಡ್ಬಹುದು. ಹೊಟ್ಟೆ ಮೆತ್ತಗಿದೆ, ಎದೆ ತುಂಬಿದೆ, ತೂಕ ನಿಂತಿದೆ ಅಂದ್ರೆ ಏನೂ ಮಾಡ್ಬೇಡಿ, ಹಾಗೇ ಬಿಡಿ. ನನ್ನ ಸಲಹೆ ಇದೇ. ಇದರ ರಿಸ್ಕ್ ಏನು ಅಂದ್ರೆ ಒಳಗೆ ಗಡ್ಡೆ ಇದ್ರೆ ಅದು ಬೆಳೀತಾ ಇರುತ್ತೆ, ಕೋಳಿ ತನ್ನ ನೋವನ್ನ ಕೊನೇ ತನಕ ಮುಚ್ಚಿಡೋ ಪ್ರಾಣಿ, ನಮಗೆ ಗೊತ್ತಾಗೋವಾಗ ತಡ ಆಗಿರುತ್ತೆ. ಅದಕ್ಕೇ ತೂಕ ಬರೆದಿಡೋಕೆ ಹೇಳಿದ್ದು.

ಹೊಟ್ಟೆ ಬಿಗಿದಿದೆ, ಕಾಲು ಅಗಲ ಇಟ್ಟು ಎದೆ ಎತ್ತಿ ನಡೆಯುತ್ತೆ, ಕೂತಲ್ಲೇ ಏದುಸಿರು ಬಿಡುತ್ತೆ ಅಂದ್ರೆ ಡಾಕ್ಟ್ರಿಗೆ ತೋರ್ಸಿ. 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿಯವ್ರು ಸಿಗ್ತಾರೆ, ಆದ್ರೆ ಸ್ಕ್ಯಾನಿಂಗ್ ಬೇಕು ಅಂದ್ರೆ ನಿಮಗೆ ಹತ್ರ ಅಂದ್ರೆ ಶಿವಮೊಗ್ಗದ ಪಶು ವೈದ್ಯಕೀಯ ಕಾಲೇಜು. ಹೊಟ್ಟೆ ನೀರನ್ನ ಸೂಜಿ ಹಾಕಿ ಸ್ವಲ್ಪ ಸ್ವಲ್ಪ ತೆಗೆದ್ರೆ ಉಸಿರು ಸಲೀಸಾಗುತ್ತೆ, ಒಂದೇ ಸಲ ಎಲ್ಲ ತೆಗೆದ್ರೆ ಅಲ್ಲೇ ಶಾಕ್ ಆಗಿ ಸಾಯಬಹುದು, ಹಾಗಾಗಿ ಪಕ್ಕದ ಮನೆಯವ್ರು ಸಿರಿಂಜ್ ತಂದು ನಾನು ತೆಗೀತೀನಿ ಅಂದ್ರೆ ಬಿಡ್ಬೇಡಿ. ನೀರು ಮತ್ತೆ ತುಂಬುತ್ತೆ, ಇದು ಗುಣ ಮಾಡೋ ದಾರಿ ಅಲ್ಲ, ಸ್ವಲ್ಪ ದಿನ ಆರಾಮ ಕೊಡೋ ದಾರಿ.

ಆಪರೇಷನ್ ಬಗ್ಗೆ ಮಗಳು ಕೇಳೇ ಕೇಳ್ತಾಳೆ. ಕೋಳಿ ಅಂಡಾಶಯ ದೊಡ್ಡ ರಕ್ತನಾಳಕ್ಕೆ ಅಂಟ್ಕೊಂಡಿರುತ್ತೆ, ಕತ್ತರಿಸೋಕೆ ಹೋದ್ರೆ ಟೇಬಲ್ ಮೇಲೇ ರಕ್ತ ಹೋಗಿ ಸಾಯೋ ಚಾನ್ಸ್ ಜಾಸ್ತಿ. ಹೊರದೇಶಗಳಲ್ಲಿ ಸಾಕು ಕೋಳಿಗೆ ಚರ್ಮದ ಕೆಳಗೆ ಹಾರ್ಮೋನ್ ತಡೆಯೋ ಸಣ್ಣ ಕಡ್ಡಿ ಇಡ್ತಾರೆ, ಕೆಲವು ತಿಂಗಳು ಗಡ್ಡೆ ಬೆಳೆಯೋದು ನಿಧಾನ ಆಗಬಹುದು. ನಿಮ್ಮ ಜಾಗದಲ್ಲಿ ನಾನಿದ್ರೆ ಎರಡಕ್ಕೂ ಹೋಗ್ತಿರ್ಲಿಲ್ಲ.

ಮೇವು ಬಿಟ್ಟು, ಒಂದೇ ಕಡೆ ಕಣ್ಣು ಮುಚ್ಚಿ ಕೂತು, ಜುಟ್ಟು ನೀಲಿ ತಿರುಗಿದ್ರೆ ಆಗ ಎಳೀಬೇಡಿ. ಡಾಕ್ಟ್ರ ಕೈಲಿ ಇಂಜೆಕ್ಷನ್ ಹಾಕಿಸಿ ನೋವಿಲ್ಲದೆ ಕೊನೆಯದಾಗಿ ಮಲಗಿಸಬಹುದು. ಹಾಗೆ ಹೋದ ಕೋಳಿನ ಯಾರೂ ತಿನ್ನಬಾರದು, ನಾಯಿಗೂ ಹಾಕ್ಬಾರದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹೂಳೋಕೆ ಮುಂಚೆ ಪೋಸ್ಟ್ ಮಾರ್ಟಂ ಮಾಡಿಸಿದ್ರೆ ಇನ್ನೂ ಒಳ್ಳೇದು, ಉಳಿದ ಕೋಳಿಗಳಿಗೆ ಸೋಂಕಿನ ಭಯ ಇದೆಯಾ ಇಲ್ವಾ ಅಂತ ಅಲ್ಲಿ ಗೊತ್ತಾಗುತ್ತೆ.

ಚೌಡಿಗೆ ಕೊಡೋ ಮಾತು ಬಂತು. ಅದು ನಿಮ್ಮ ಮನೆ ನಂಬಿಕೆ, ನಾನು ಮಧ್ಯ ಬರಲ್ಲ, ಆದ್ರೆ ಡಾಕ್ಟ್ರಾಗಿ ಒಂದು ಹೇಳ್ಬೇಕು, ಕೊಯ್ದ ಕೋಳಿ ಕೊನೆಗೆ ಎಲೆಗೆ ಬರುತ್ತೆ. ಕ್ಯಾನ್ಸರ್ ಊಟದಿಂದ ಅಂಟೋದಲ್ಲ, ಹಾಗಂತ ಹೊಟ್ಟೆಯಲ್ಲಿ ಗಡ್ಡೆನೋ ಕೀವೋ ನೀರೋ ಇರಬಹುದಾದ ಕೋಳಿನ ಹತ್ತು ಜನಕ್ಕೆ ಬಡಿಸೋದು ಸರಿ ಅಲ್ಲ. ಒಬ್ರ ಮನೇಲಿ ನಾನು ಇದನ್ನೇ ಹೇಳಿದ್ದೆ, ದೇವ್ರಿಗೆ ಕಾಯಿಲೆ ಕೋಳಿ ಕೊಡ್ತೀರಾ ಅಂತ, ಅಲ್ಲಿನ ಅಜ್ಜಿ ಒಂದು ನಿಮಿಷ ಸುಮ್ನಿದ್ದು "ಅದೂ ಹೌದು, ಚೌಡಿಗೆ ಊನ ಇರೋದು ಕೊಡಬಾರದು" ಅಂತ ಅವರೇ ತೀರ್ಮಾನ ಮಾಡಿ ತೆಂಗಿನಕಾಯಿ ಒಡೆಸಿದ್ರು. ನಿಮ್ಮತ್ತೆ ಹತ್ರ ಈ ದಾರಿ ನಡೆಯುತ್ತಾ ನೋಡಿ, ಕ್ರೋಮೋಸೋಮ್ ಕಥೆಗಿಂತ ಇದು ಬೇಗ ಹತ್ತುತ್ತೆ.

ಇನ್ನು ಹೊಸ ಹುಂಜ ತರೋದಾದ್ರೆ, ನೀವು ಹೇಗೂ ತರ್ತೀರ, ಮೊದಲು ಎರಡು ಮೂರು ವಾರ ಬೇರೆ ಕಡೆ ಇಟ್ಟು ಕೊಕ್ಕರೆ ರೋಗ (ರಾಣಿಖೇತ್ ಅನ್ನೋ ಅಂಟು ಕಾಯಿಲೆ) ಗೀಗ ಇಲ್ಲ ಅಂತ ನೋಡ್ಕೊಳ್ಳಿ. ಆಮೇಲೂ ಸೀದಾ ಬಿಡ್ಬೇಡಿ. ಹುಂಜ ಕೆಂಪಿನ ಇನ್ನೊಂದು ಹುಂಜ ಅಂತಲೇ ತಿಳ್ಕೊಳ್ಳುತ್ತೆ, ಕೆಂಪಿ ಯಜಮಾನಿಕೆ ಬಿಡಲ್ಲ, ಆದ್ರೆ ಅದರ ಕಾಲಲ್ಲಿ ಹುಂಜನಷ್ಟು ಮುಳ್ಳಿಲ್ಲ, ಮೈಯಲ್ಲಿ ಅಷ್ಟು ಕಸುವಿಲ್ಲ, ಮೊದಲ ದಿನವೇ ಕಣ್ಣು ಕಳ್ಕೊಳ್ಳಬಹುದು. ಮಧ್ಯ ಒಂದು ಬಲೆ ಕಟ್ಟಿ ವಾರ ಹತ್ತು ದಿನ ಒಬ್ರಿಗೊಬ್ರು ಕಾಣೋ ಹಾಗೆ ಇಡಿ, ಮೊದಲ ಸಲ ಬಿಡೋದು ಒಂದು ಭಾನುವಾರ ಮಗಳು ಮನೇಲಿರೋ ದಿನ ಆಗ್ಲಿ, ಜಗಳ ಹತ್ತಿದ್ರೆ ಕೆಂಪಿನ ಎತ್ಕೊಳ್ಳೋಕೆ ಅವಳೇ ಸರಿ.